ಸ್ಕ್ರಾಲ್ ಸಾಗೆ ಫ್ಯಾನ್ ರೆಗ್ಯುಲೇಟರ್ ಹಾಕಿ ಬೆರಳು ಕುಯ್ದುಕೊಂಡೆ, ನೀವು ಹಾಕಬೇಡಿ

ಎಡಗೈ ತೋರುಬೆರಳಿಗೆ ಮೂರು ಹೊಲಿಗೆ ಬಿದ್ದಿವೆ. ಹಾಗಾಗಿ ಇದನ್ನು ಒಂದೇ ಕೈಯಲ್ಲಿ ಟೈಪ್ ಮಾಡುತ್ತಿದ್ದೇನೆ, ತಪ್ಪಿದ್ದರೆ ಹೊಂದಿಸಿಕೊಳ್ಳಿ. ಯಂತ್ರದ ದೋಷ ಏನೂ ಇರಲಿಲ್ಲ. ಚೆನ್ನಾಗಿದ್ದ ಯಂತ್ರವನ್ನು ಇನ್ನೂ ಚೆನ್ನಾಗಿ ಮಾಡುತ್ತೇನೆ ಅಂತ ಹೊರಟದ್ದು ನಾನೇ.

ನನ್ನದು ಹಳೆಯ, ಒಂದೇ ವೇಗದ ಸ್ಕ್ರಾಲ್ ಸಾ, ಅಂದರೆ ತೆಳು ಬ್ಲೇಡಿನಿಂದ ಮರದಲ್ಲಿ ಬಳುಕು ಆಕಾರ ಕೊರೆಯುವ ಗರಗಸದ ಯಂತ್ರ. ನಿಮಿಷಕ್ಕೆ ಸುಮಾರು 1400 ಸಲ ಬ್ಲೇಡ್ ಮೇಲೆ ಕೆಳಗೆ ಆಡುತ್ತದೆ. ದಪ್ಪ ಮರಕ್ಕೆ ಅದು ಸರಿ. ಆದರೆ 3 ಮಿ.ಮೀ. ಪ್ಲೈವುಡ್‌ನಲ್ಲಿ ಸಣ್ಣ ಸುರುಳಿ ಕೊರೆಯಲು ಹೋದರೆ, ಕಣ್ಣು ಮಿಟುಕಿಸುವಷ್ಟರಲ್ಲಿ ಬ್ಲೇಡ್ ಗೆರೆ ದಾಟಿರುತ್ತದೆ. ವೇಗ ಬದಲಿಸುವ ಯಂತ್ರ ಇರುವವರು 500, 600ಕ್ಕೆ ಇಳಿಸಿಕೊಂಡು ನೆಮ್ಮದಿಯಾಗಿ ಕೊರೆಯುತ್ತಾರೆ. ನನಗೂ ಆಸೆ ಆಯಿತು. ಮೂಲೆಯಲ್ಲಿ ಹಳೆಯ ಫ್ಯಾನ್ ರೆಗ್ಯುಲೇಟರ್ ಬಿದ್ದಿತ್ತು. ಅದೂ ಮೋಟರ್, ಇದೂ ಮೋಟರ್, ಅಲ್ವಾ?

ಅಲ್ಲ.

ಒಂದೇ ವೇಗದ ಬಹಳಷ್ಟು ಸ್ಕ್ರಾಲ್ ಸಾಗಳಲ್ಲಿ ಇರುವುದು ಇಂಡಕ್ಷನ್ ಮೋಟರ್. ಅದರ ವೇಗವನ್ನು ನಿರ್ಧರಿಸುವುದು ಮುಖ್ಯವಾಗಿ ಕರೆಂಟಿನ ಫ್ರೀಕ್ವೆನ್ಸಿ (ಸೆಕೆಂಡಿಗೆ ಎಷ್ಟು ಆವರ್ತ ಅನ್ನುವುದು), ವೋಲ್ಟೇಜ್ ಅಲ್ಲ. ರೆಗ್ಯುಲೇಟರ್ ವೋಲ್ಟೇಜ್ ಇಳಿಸಿದಾಗ ಇಳಿಯುವುದು ಮೋಟರಿನ ಶಕ್ತಿ. ಫ್ಯಾನಿಗೆ ಇದು ನಡೆಯುತ್ತದೆ, ಯಾಕೆಂದರೆ ಫ್ಯಾನ್ ನಿಧಾನವಾದಂತೆ ಗಾಳಿಯ ತಡೆಯೂ ಇಳಿಯುತ್ತದೆ. ವೇಗ ಅರ್ಧವಾದರೆ ತಡೆ ಹೆಚ್ಚುಕಡಿಮೆ ಕಾಲು ಭಾಗಕ್ಕೆ ಬರುತ್ತದೆ. ಮರ ಅಂಥ ಔದಾರ್ಯ ತೋರಿಸುವುದಿಲ್ಲ. ನಿಧಾನ ಕೊರೆದರೂ ಅಷ್ಟೇ ಗಟ್ಟಿ.

ಸುಳಿವು ಮೊದಲ ದಿನವೇ ಸಿಕ್ಕಿತ್ತು. ಖಾಲಿ ಓಡಿಸಿದಾಗ ವೇಗ ಅಷ್ಟೇನೂ ಇಳಿಯಲಿಲ್ಲ. ಮರ ಒತ್ತಿದ ಮೇಲೆ ಮಾತ್ರ ಯಂತ್ರ ಮುಕ್ಕಿರಿಯುತ್ತಾ ನಿಧಾನವಾಯಿತು. ಅದನ್ನೇ ನಾನು 'ವಾಹ್, ವೇಗ ಕೈಗೆ ಬಂತು' ಅಂದುಕೊಂಡೆ. ಹತ್ತು ನಿಮಿಷಕ್ಕೆ ಮೋಟರ್ ಮೇಲೆ ಕೈ ಇಡಲಾಗದಷ್ಟು ಬಿಸಿ. ಹಳೇ ಯಂತ್ರ, ಇರಲಿ ಬಿಡು ಅಂತ ಸುಮ್ಮನಾದೆ.

ಇದರ ಜೊತೆ ಇನ್ನೆರಡು ಕಿತಾಪತಿ ಮಾಡಿದ್ದೆ. ಮರವನ್ನು ಮೇಲಿಂದ ಒತ್ತಿ ಹಿಡಿಯುವ ಪಟ್ಟಿ ಗೆರೆಗೆ ಅಡ್ಡ ಬರುತ್ತದೆ ಅಂತ ಬಿಚ್ಚಿಟ್ಟಿದ್ದೆ. ಕೈ ಪಳಗಿದವರು ಅನೇಕರು ಅದನ್ನು ಬಿಚ್ಚಿಯೇ ಕೆಲಸ ಮಾಡುತ್ತಾರೆ, ಅದನ್ನು ಪೂರ್ತಿ ತಪ್ಪು ಅನ್ನಲಾರೆ. ನನ್ನ ಕೈ ಅಷ್ಟು ಪಳಗಿರಲಿಲ್ಲ, ಅಷ್ಟೇ. ಇನ್ನೊಂದು, ಕಾಲಿನ ಸ್ವಿಚ್. ಇದರಲ್ಲಿ ಎರಡು ಬಗೆ. ಒಂದು, ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಓಡಿಸುತ್ತದೆ. ಇನ್ನೊಂದು, ಒಮ್ಮೆ ಒತ್ತಿದರೆ ಆನ್, ಮತ್ತೆ ಒತ್ತಿದರೆ ಆಫ್. ನಾನು ಹಾಕಿದ್ದು ಎರಡನೆಯದು. ಆನ್ ಮಾಡಿ ಕಾಲು ಆರಾಮಾಗಿ ಇಟ್ಟುಕೊಳ್ಳಬಹುದು ಅಂತ.

ಅವತ್ತು 18 ಮಿ.ಮೀ. ತೇಗದ ತುಂಡಿನಲ್ಲಿ ಎಲೆಯೊಂದನ್ನು ಕೊರೆಯುತ್ತಿದ್ದೆ. ಬ್ಲೇಡ್ 2ನೇ ನಂಬರ್, ನಂಬರ್ ಚಿಕ್ಕದಾದಷ್ಟೂ ಬ್ಲೇಡ್ ಸಣ್ಣದು. ಆ ದಪ್ಪಕ್ಕೆ ಕನಿಷ್ಠ 5 ಬೇಕಿತ್ತು, ಬದಲಿಸಲು ಸೋಮಾರಿತನ. ಎಲೆಯ ತುದಿಯಲ್ಲಿ ಮರ ತಿರುಗಿಸಿದಾಗ ಬ್ಲೇಡ್ ಸಿಕ್ಕಿಕೊಂಡಿತು. ಶಕ್ತಿ ಇಲ್ಲದ ಮೋಟರ್ ಅಲ್ಲೇ ನಿಂತಿತು. ಪಕ್ಕದಲ್ಲಿ ಮರದ ಪುಡಿ ಎಳೆಯುವ ವ್ಯಾಕ್ಯೂಮ್ ಜೋರಾಗಿ ಕೂಗುತ್ತಿತ್ತು, ಮೋಟರಿನ ಗುಂಯ್ ಸದ್ದು ಕೇಳಲೇ ಇಲ್ಲ. ಪೆಡಲಿನಿಂದ ಕಾಲು ತೆಗೆದಿದ್ದೆ. ಬ್ಲೇಡ್ ಅಲುಗಾಡುತ್ತಿಲ್ಲ. ಯಂತ್ರ ಆಫ್ ಆಗಿದೆ ಅಂತಲೇ ಮನಸ್ಸು ಲೆಕ್ಕ ಹಾಕಿತು.

ಎರಡೂ ಕೈಯಿಂದ ಮರವನ್ನು ಎತ್ತಿ ಅಲುಗಿಸಿದೆ. ಬ್ಲೇಡ್ ಸಡಿಲವಾಗಿದ್ದೇ ತಡ, ಮೋಟರ್ ಪುಟಿದೆದ್ದಿತು. ತುಂಡು ಟೇಬಲ್ಲಿಗೆ ಪಟಪಟ ಬಡಿಯಿತು, ಒತ್ತಿ ಹಿಡಿಯುವ ಪಟ್ಟಿ ಇಲ್ಲವಲ್ಲ. ಬ್ಲೇಡ್ ತುಂಡಾಯಿತು. ಬ್ಲೇಡ್ ಮುರಿದರೆ ಅಪಾಯ ಮುಗಿಯಿತು ಅಂತ ತಿಳಿದಿದ್ದೆ. ಆದರೆ ನನ್ನಂಥ ಯಂತ್ರದಲ್ಲಿ ಬ್ಲೇಡಿನ ಮೇಲಿನ ಅರ್ಧ ಅದನ್ನು ಹಿಡಿದಿರುವ ಮೇಲಿನ ತೋಳಿನಲ್ಲೇ ಕಚ್ಚಿಕೊಂಡಿರುತ್ತದೆ, ಹೊಲಿಗೆ ಮಿಷನ್ ಸೂಜಿಯ ಹಾಗೆ ಕುಟ್ಟುತ್ತಲೇ ಇರುತ್ತದೆ. ಅದರ ಕೆಳಗೆ ನನ್ನ ಬೆರಳಿತ್ತು. ನಿಲ್ಲಿಸೋಣ ಅಂದರೆ ಟೇಬಲ್ ಕೆಳಗೆ ಪೆಡಲ್ ಕಾಲಿಗೆ ಸಿಗುತ್ತಿಲ್ಲ. ಕೊನೆಗೆ ಬಲಗೈಯಿಂದ ಪ್ಲಗ್ ಕಿತ್ತೆ. ಇಷ್ಟಕ್ಕೂ ಎರಡು ಮೂರು ಸೆಕೆಂಡ್ ಆಗಿರಬಹುದು.

ಆಮೇಲೆ ಮೋಟರ್ ಬಿಚ್ಚಿ ನೋಡಿದರೆ ವೈಂಡಿಂಗ್ (ಒಳಗಿನ ತಂತಿ ಸುತ್ತು) ಮೇಲಿನ ವಾರ್ನಿಷ್ ಕಂದಿ ಕಮಟು ವಾಸನೆ ಹೊಡೆಯುತ್ತಿತ್ತು. ನಿಂತುಹೋದ ಮೋಟರ್ ಓಡುವ ಮೋಟರ್‌ಗಿಂತ ಬಹಳ ಜಾಸ್ತಿ ಕರೆಂಟ್ ಎಳೆಯುತ್ತದೆ. ಶಾಫ್ಟ್‌ಗೆ ಕೂರಿಸಿದ ತಂಪಿನ ಫ್ಯಾನೂ ಆಗ ನಿಂತಿರುತ್ತದೆ. ಗಮನಿಸದೆ ಇನ್ನೊಂದಷ್ಟು ಹೊತ್ತು ಬಿಟ್ಟಿದ್ದರೆ ಬರೀ ಬೆರಳಿನ ವಿಷಯ ಬರೆಯುತ್ತಿರಲಿಲ್ಲ. ಅದೂ ಸುತ್ತ ಒಣ ಮರದ ಪುಡಿ ಇರುವ ಜಾಗದಲ್ಲಿ.

ಕಾಲಿನ ಸ್ವಿಚ್ ಹಾಕಿಕೊಂಡಿದ್ದೀರಾ? ಮುಂದಿನ ಸಲ ಮರ ಇಡುವ ಮೊದಲು ಯಂತ್ರವನ್ನು ಖಾಲಿ ಓಡಿಸಿ ಕಾಲು ಎತ್ತಿ ನೋಡಿ. ನಿಲ್ಲದಿದ್ದರೆ ಅವತ್ತೇ ಕಿತ್ತುಹಾಕಿ. ಬ್ಲೇಡ್ ಸಿಕ್ಕಿಕೊಂಡರೆ ಮೊದಲು ಪ್ಲಗ್ ತೆಗೆಯಿರಿ, ಆಮೇಲೆ ಬ್ಲೇಡಿನ ಬಿಗಿ ಸಡಿಲಿಸಿ, ಮರಕ್ಕೆ ಕೈ ಹಾಕುವುದು ಕೊನೆಗೆ. ವೇಗ ಕಡಿಮೆ ಬೇಕೆಂದರೆ ಮೋಟರ್ ಯಾವ ಬಗೆಯದು ಅಂತ ತಿಳಿಯದೆ ಏನನ್ನೂ ಜೋಡಿಸಬೇಡಿ. ಇಂಡಕ್ಷನ್ ಅಂತಾದರೆ ರೆಗ್ಯುಲೇಟರ್ ಆಸೆ ಬಿಟ್ಟುಬಿಡಿ.

ಹೊಟ್ಟೆ ಉರಿಯುವುದು ಇದಕ್ಕೆ: ನನಗೆ ನಿಧಾನ ಬೇಕಾಗಿದ್ದು ತೆಳು ಪ್ಲೈವುಡ್‌ಗೆ ಮಾತ್ರ. ಅದಕ್ಕೆ ಮೋಟರ್ ಮುಟ್ಟಬೇಕಾಗೇ ಇರಲಿಲ್ಲ. 3 ಮಿ.ಮೀ. ಹಾಳೆಗಳನ್ನು ಮೂರು ನಾಲ್ಕು ಸೇರಿಸಿ, ಅಂಚಿಗೆ ಟೇಪ್ ಸುತ್ತಿ ಒಟ್ಟಿಗೆ ಕೊರೆದರೆ ಬ್ಲೇಡ್ ತಾನೇ ನಿಧಾನವಾಗಿ ಮುಂದೆ ಸಾಗುತ್ತದೆ. ಗೆರೆ ಹಿಡಿತದಲ್ಲಿರುತ್ತದೆ, ಅಡಿಭಾಗದ ಸಿಬಿರೂ ಕಡಿಮೆ. ಒಂದೇ ಹಾಳೆ ಬೇಕಿದ್ದರೆ ಕೆಳಗೆ ಬೇಡದ ತುಂಡುಗಳನ್ನು ಇಟ್ಟರಾಯಿತು. ಇದು ನನಗೆ ಗೊತ್ತಾಗಿದ್ದು ಹೊಲಿಗೆ ಬಿದ್ದ ಮೇಲೆ, ಕೆಲಸವಿಲ್ಲದೆ ಕೂತಿದ್ದಾಗ.