ಡೆವಲಪರ್ ಮನೆಯದು, ಬ್ಲೀಚ್ ಅಂಗಡಿಯದು: ಕಲರ್ ಫಿಲ್ಮ್ ತೊಳೆಯುವವನ ವಿಮರ್ಶೆ

ದುಡ್ಡು ಉಳಿಯುತ್ತದೆ ಅಂತ ಯಾರಾದರೂ ಹೇಳಿದರೆ ಪೂರ್ತಿ ನಂಬಬೇಡಿ. ಕಲರ್ ಫಿಲ್ಮ್‌ನ ಕೆಮಿಕಲ್‌ಗಳನ್ನು ಮನೆಯಲ್ಲೇ ಬೆರೆಸಿಕೊಳ್ಳುವುದಕ್ಕೆ ನನ್ನ ಕಾರಣ ಬೇರೆ. ನಾನು ತಿಂಗಳಿಗೆ ಒಂದು ರೋಲ್ ಮುಗಿಸಿದರೆ ಹೆಚ್ಚು. ಈಗಿನ ಫಿಲ್ಮ್ ಬೆಲೆ ಗೊತ್ತಿದ್ದವರಿಗೆ ಯಾಕೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಕಲರ್ ನೆಗೆಟಿವ್ ತೊಳೆಯುವ ಪದ್ಧತಿಯಾದ ಸಿ-41ರ ಕಿಟ್ ತಂದರೆ, ಫಿಲ್ಮ್ ಮೇಲೆ ಚಿತ್ರ ಮೂಡಿಸುವ ಡೆವಲಪರನ್ನು ಒಂದು ಲೀಟರ್ ಒಟ್ಟಿಗೇ ಬೆರೆಸಬೇಕು. ಬಾಟಲಿಯ ಕತ್ತಿನವರೆಗೆ ತುಂಬಿಟ್ಟರೂ ಕೆಲವು ವಾರಗಳಲ್ಲಿ ಕಂದು ತಿರುಗಿ ಕೆಟ್ಟುಹೋಗುತ್ತದೆ. ಅಷ್ಟರೊಳಗೆ ನಾನು ತೊಳೆದಿರುವುದು ಒಂದೋ ಎರಡೋ ರೋಲ್. ಮಿಕ್ಕಿದ್ದೆಲ್ಲ ದಂಡ.

ಲ್ಯಾಬಿಗೆ ಕೊಡಬಹುದಲ್ವಾ ಅಂದರೆ, ಕೊಟ್ಟು ನೋಡಿಯಾಯಿತು. ಬೇರೆಯವರ ರೋಲ್‌ಗಳೂ ಸೇರಲಿ ಅಂತ ಕಾಯಿಸುತ್ತಿದ್ದರು. ಕೊನೆಗೆ ಬಂದ ನೆಗೆಟಿವ್ ಮೇಲೆ ಈ ತುದಿಯಿಂದ ಆ ತುದಿಗೆ ಗೀರು.

ಬಿಡಿ ಬಿಡಿಯಾಗಿ ಪುಡಿ ತಂದಿಟ್ಟುಕೊಂಡರೆ ಬೇಕಾದಾಗ ಬೇಕಾದಷ್ಟೇ ಬೆರೆಸಬಹುದು. ನನ್ನ ಟ್ಯಾಂಕಿನಲ್ಲಿ ಒಂದು 35 ಎಂಎಂ ರೋಲ್‌ಗೆ 300 ಮಿಲಿ ಸಾಕು. ಅಷ್ಟನ್ನೇ ಬೆರೆಸುತ್ತೇನೆ, ಒಂದು ಸಲ ಬಳಸಿ ಚೆಲ್ಲುತ್ತೇನೆ. ಪ್ರತಿ ರೋಲ್‌ಗೂ ಹೊಸ ಡೆವಲಪರ್.

ಪುಡಿ ತೂಗುವ ಕೆಲಸ ನನಗೆ ಎಷ್ಟು ಇಷ್ಟವಾಗಿದೆ ಅಂದರೆ ಕೆಲವೊಮ್ಮೆ ಅದಕ್ಕೋಸ್ಕರವೇ ರೋಲ್ ಬೇಗ ಮುಗಿಸುತ್ತೇನೆ. ಭಾನುವಾರ ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ ಹಿತ್ತಲ ಕಡೆಯ ಕೋಣೆಯಲ್ಲಿ ಶುರು. ಅಡುಗೆಮನೆಗೆ ಈ ಡಬ್ಬಗಳನ್ನು ಅಮ್ಮ ಬಿಡುವುದಿಲ್ಲ, ಬಿಡಲೂಬಾರದು. ಚಿನ್ನ ತೂಗುವಂಥ ಪುಟ್ಟ ತಕ್ಕಡಿ, 0.01 ಗ್ರಾಂವರೆಗೆ ತೋರಿಸುವುದು. ಫ್ಯಾನ್ ತಿರುಗುತ್ತಿದ್ದರೆ ಅದರ ಅಂಕಿ ನಿಲ್ಲುವುದೇ ಇಲ್ಲ. ಹಾಗಾಗಿ ಏಪ್ರಿಲ್ ಬಿಸಿಲಲ್ಲೂ ಫ್ಯಾನ್ ಬಂದ್. ಬಟರ್ ಪೇಪರ್ ತುಂಡು ಇಟ್ಟು ಸೊನ್ನೆ ಮಾಡಿ, ಚಮಚದ ತುದಿಯಿಂದ ಒಂದೊಂದೇ ಚಿಟಿಕೆ.

ಮೊದಲು ಸೋಡಿಯಂ ಸಲ್ಫೈಟ್, ಸುಮಾರು 1.3 ಗ್ರಾಂ. ಡೆವಲಪರ್ ಗಾಳಿಗೆ ಬೇಗ ಕೆಡದಂತೆ ಕಾಯುವುದು ಇದೇ. ಆಮೇಲೆ ಪೊಟ್ಯಾಸಿಯಂ ಕಾರ್ಬೋನೇಟ್ 11 ಗ್ರಾಂ ಆಸುಪಾಸು, ಹೈಡ್ರಾಕ್ಸಿಲಮೀನ್ ಸಲ್ಫೇಟ್ ಅರ್ಧ ಗ್ರಾಂ ಮೇಲೆ ಚೂರು. ಪೊಟ್ಯಾಸಿಯಂ ಬ್ರೋಮೈಡ್ ಬೇಕಾಗುವುದು ಅರ್ಧ ಗ್ರಾಂಗೂ ಕಡಿಮೆ. ಅದನ್ನು ತೂಗುವ ಗೋಜಿಗೆ ಹೋಗುವುದಿಲ್ಲ. 10 ಗ್ರಾಂ ಕರಗಿಸಿ 100 ಮಿಲಿ ಮಾಡಿಟ್ಟಿದ್ದೇನೆ. ಮೆಡಿಕಲ್ ಶಾಪಿನ ಸಿರಿಂಜಿನಲ್ಲಿ 4.5 ಮಿಲಿ ಎಳೆದು ಬಿಟ್ಟರಾಯಿತು. ಎಲ್ಲಕ್ಕಿಂತ ಕೊನೆಗೆ ಸಿಡಿ-4, 1.4 ಗ್ರಾಂ. ಬಣ್ಣ ಹುಟ್ಟಿಸುವ ಪುಡಿ ಅದೇ, ದುಬಾರಿಯೂ ಅದೇ. ಚರ್ಮಕ್ಕೆ ತಾಗಿದರೆ ಅಲರ್ಜಿ ಮಾಡುತ್ತದೆ, ಆದ್ದರಿಂದ ಗ್ಲೌಸ್ ಇಲ್ಲದೆ ಆ ಡಬ್ಬದ ಮುಚ್ಚಳ ತೆಗೆಯಬೇಡಿ.

ನೀರಿನ ವಿಷಯ. ಬೋರ್‌ವೆಲ್ ನೀರಿಗೆ ಕಾರ್ಬೋನೇಟ್ ಹಾಕಿದರೆ ಸುಣ್ಣದಂಶ ಬಿಟ್ಟುಕೊಂಡು ಬೆಳ್ಳಗೆ ಮಬ್ಬಾಗುತ್ತದೆ. ನಾನು ಬಳಸುವುದು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್. ಫಿಲ್ಮ್ ಜಾಲಿಸಲು ನಲ್ಲಿಯ ಕಾವೇರಿ ನೀರೇ ಸಾಕು. ಮಳೆಗಾಲದಲ್ಲಿ ಕಾರ್ಬೋನೇಟ್ ಡಬ್ಬದ್ದೇ ಒಂದು ಕಾಟ. ತೇವ ಎಳೆದುಕೊಂಡು ಗಟ್ಟಿಯಾಗುತ್ತದೆ, ತೂಗಿದ್ದರಲ್ಲಿ ಪುಡಿ ಎಷ್ಟು ನೀರು ಎಷ್ಟು ಅಂತ ಹೇಳಲಾಗದು. ಚಿಕ್ಕ ಚಿಕ್ಕ ಡಬ್ಬಗಳಲ್ಲಿ ಬಿಗಿಯಾಗಿ ಮುಚ್ಚಿಡಿ.

ಬಿಸಿ ಕಾಯ್ದುಕೊಳ್ಳುವುದು ದೊಡ್ಡ ಕಷ್ಟ ಅಂತ ಹೆದರಿಸುತ್ತಾರೆ. 37.8 ಡಿಗ್ರಿ, ಅಂದರೆ ಜ್ವರ ಬಂದ ಮೈಯಷ್ಟು ಬಿಸಿ. 1972ರಲ್ಲಿ ಕೊಡಾಕ್ ಸಿ-41 ತಂದಾಗಿನಿಂದ ಇದೇ ಲೆಕ್ಕ. ಕಟ್ಟುನಿಟ್ಟು ಬೇಕಾಗಿರುವುದು ಡೆವಲಪರಿನ 3 ನಿಮಿಷ 15 ಸೆಕೆಂಡಿಗೆ ಮಾತ್ರ. ಬಕೆಟ್‌ಗೆ ಗೀಸರ್ ನೀರು, ಒಂದು ಥರ್ಮಾಮೀಟರ್, ಅಷ್ಟೇ. ಡಿಸೆಂಬರ್ ಬೆಳಿಗ್ಗೆ ಆದರೆ ಪಕ್ಕದಲ್ಲಿ ಒಂದು ಕೆಟಲ್ ಬಿಸಿನೀರು ಇರಲಿ.

ಇಷ್ಟೆಲ್ಲ ಮಾಡಿದ್ದಕ್ಕೆ ಏನು ಸಿಕ್ಕಿತು? ದೇವರಾಜ ಮಾರ್ಕೆಟ್ಟಿನ ಮಲ್ಲಿಗೆ ಬೆಳ್ಳಗೆ ಬಂತು. ನಾನು ಬಣ್ಣ ಪರೀಕ್ಷೆ ಮಾಡುವುದು ಅಲ್ಲೇ. ಕುಂಕುಮದ ರಾಶಿ ಎಂಥ ಡೆವಲಪರಿನಲ್ಲೂ ಚೆನ್ನಾಗಿಯೇ ಕಾಣುತ್ತದೆ, ಅದನ್ನು ನಂಬಬಾರದು. ಮಲ್ಲಿಗೆ ಸುಳ್ಳು ಹೇಳುವುದಿಲ್ಲ. ಕಿಟ್ಟಿನ ಕೊನೆಕೊನೆಯ ರೋಲ್‌ಗಳಲ್ಲಿ ಹೂವಿನ ಬಿಸಿಲು ಬಿದ್ದ ಭಾಗ ಗುಲಾಬಿ, ನೆರಳು ಹಸಿರು. ಒಂದನ್ನು ಸರಿ ಮಾಡಲು ಹೋದರೆ ಇನ್ನೊಂದು ಕೆಡುತ್ತಿತ್ತು. ಈಗ ಸ್ಕ್ಯಾನ್ ಮಾಡಿ ಹೆಚ್ಚೇನೂ ತಿದ್ದುವುದಿಲ್ಲ.

ಇಲ್ಲಿವರೆಗೆ ಹೊಗಳಿದ್ದು ಡೆವಲಪರನ್ನು. ಡೆವಲಪರ್ ಆದಮೇಲೆ ಫಿಲ್ಮ್‌ನಲ್ಲಿ ಉಳಿಯುವ ಬೆಳ್ಳಿಯನ್ನು ಫಿಕ್ಸರ್ ಕರಗಿಸಿ ತೆಗೆಯುವಂತೆ ಮಾರ್ಪಡಿಸುವುದು ಬ್ಲೀಚ್. ಅದರ ವಿಷಯಕ್ಕೆ ಬಂದರೆ ನನಗೆ ಈಗಲೂ ಸಿಟ್ಟು ಬರುತ್ತದೆ. "ಪೊಟ್ಯಾಸಿಯಂ ಫೆರಿಸಯನೈಡ್ ತಂದುಕೊಳ್ಳಿ, ಅಗ್ಗ, ಸುಲಭ" ಅಂತ ಎಲ್ಲರೂ ಹೇಳುತ್ತಾರೆ. ಅಗ್ಗ ಹೌದು. ಸುಲಭ ಅಲ್ಲ. ಫಿಲ್ಮ್‌ನಲ್ಲಿ ಡೆವಲಪರ್ ಚೂರು ಉಳಿದಿದ್ದರೂ ಫೆರಿಸಯನೈಡ್ ತಾಗಿದ ಕ್ಷಣ ಬೇಡದ ಕಡೆಯೆಲ್ಲ ಬಣ್ಣ ಕಟ್ಟುತ್ತದೆ. ಅದಕ್ಕೆ ನಡುವೆ ನೀರು ಬೆರೆಸಿದ ವಿನೆಗರ್, ಆಮೇಲೆ ಜಾಲಿಸು, ಮತ್ತೆ ಜಾಲಿಸು. ಫಿಕ್ಸರಿಗೆ ಹೋಗುವ ಮುಂಚೆ ಇನ್ನೊಮ್ಮೆ ಜಾಲಿಸು. ನೀರು ದಿನ ಬಿಟ್ಟು ದಿನ ಬರುವ ಬಡಾವಣೆಯಲ್ಲಿ ಇದು ಯಾರಿಗೆ ಬೇಕು? ಇನ್ನೂ ಒಂದಿದೆ. ಬಲವಾದ ಆಸಿಡ್ ಸೇರಿದರೆ ಇದರಿಂದ ವಿಷದ ಗಾಳಿ ಬರಬಹುದು. ನಮ್ಮ ಬಚ್ಚಲುಮನೆಗಳಲ್ಲಿ ಆಸಿಡ್ ಬಾಟಲಿ ಇದ್ದೇ ಇರುತ್ತದೆ, ಅಲ್ವಾ? ಆ ಎರಡನ್ನೂ ಒಂದೇ ಸೂರಿನಡಿ ಇಡಲು ನನಗೆ ಮನಸ್ಸಿಲ್ಲ.

ಅದಕ್ಕೇ ಈಗ ಮಿನಿಲ್ಯಾಬಿನವರು ಬಳಸುವ, ಕಬ್ಬಿಣದ ಸಂಯುಕ್ತ ಇರುವ ರೆಡಿ ಬ್ಲೀಚ್. ಬೆಲೆ ಕೇಳಿ ಮೊದಲು ಹೊಟ್ಟೆ ಉರಿಯಿತು. ಆದರೆ ಇದು ಡೆವಲಪರಿನ ತದ್ವಿರುದ್ಧ: ಗಾಳಿ ಸೋಕಿದರೆ ಮತ್ತೆ ಚೇತರಿಸಿಕೊಳ್ಳುತ್ತದೆ. ಬಳಸಿದ ಮೇಲೆ ಅರ್ಧ ಖಾಲಿ ಕ್ಯಾನಿನಲ್ಲಿ ಹಾಕಿ ಚೆನ್ನಾಗಿ ಅಲುಗಾಡಿಸಿಡುತ್ತೇನೆ, ಅದೇ ಬ್ಲೀಚ್ ರೋಲ್ ಮೇಲೆ ರೋಲ್ ಬರುತ್ತಿದೆ.

ಫಿಕ್ಸರ್‌ಗೆ ಅಮೋನಿಯಂ ಥಯೋಸಲ್ಫೇಟ್ ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಮೀನಿನ ತೊಟ್ಟಿಗೆ ಹಾಕುವ ಹೈಪೊ ಕೂಡ ನಡೆಯುತ್ತದೆ, ಸಮಯ ಜಾಸ್ತಿ ಕೊಡಬೇಕು. ಬಳಸಿದ ಫಿಕ್ಸರನ್ನು ಮೋರಿಗೆ ಸುರಿಯಬೇಡಿ, ಅದರಲ್ಲಿ ಬೆಳ್ಳಿ ಇರುತ್ತದೆ. ಕ್ಯಾನಿನಲ್ಲಿ ಸ್ಟೀಲ್ ವುಲ್ ಹಾಕಿಟ್ಟರೆ ಬೆಳ್ಳಿ ಅದಕ್ಕೆ ಕೂರುತ್ತದೆ. ಪಾತ್ರೆ ತಿಕ್ಕುವ ಹೊಳೆಯುವ ಸ್ಕ್ರಬ್ಬರ್ ಆಗುವುದಿಲ್ಲ, ಅದು ಸ್ಟೇನ್‌ಲೆಸ್. ಹಾರ್ಡ್‌ವೇರ್ ಅಂಗಡಿಯಲ್ಲಿ ಮರ ಪಾಲಿಶ್ ಮಾಡುವವರು ಕೊಳ್ಳುವ ಉಣ್ಣೆಯಂಥದ್ದು ಬೇಕು.

ತಿಂಗಳಿಗೆ ನಾಲ್ಕೈದು ರೋಲ್ ತೊಳೆಯುವವರು ಕಿಟ್ ತಗೊಳ್ಳಿ, ಕೆಡುವ ಮೊದಲೇ ಖರ್ಚಾಗುತ್ತದೆ. ನನ್ನ ಹಾಗೆ ಒಂದೇ ರೋಲಿನವರು ಮೊದಲು ತಕ್ಕಡಿ ಕೊಳ್ಳಿ. ಸಿಡಿ-4 ಮಾತ್ರ 25 ಗ್ರಾಂಗಿಂತ ದೊಡ್ಡ ಪೊಟ್ಟಣ ಬೇಡ. ನನಗೆ ಒಬ್ಬ ಮಾರಾಟಗಾರ ಕಳಿಸಿದ್ದು ತೆಳು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಬರುವಷ್ಟರಲ್ಲೇ ಕಾಫಿಪುಡಿ ಬಣ್ಣ. ವಾಪಸ್ ತಗೊಳ್ಳಲೂ ಇಲ್ಲ.