ಅಂಬಾಸಿಡರ್‌ಗೆ ಆಲ್ಟರ್ನೇಟರ್ ಹಾಕಿಸಿ ನಾಲ್ಕು ವರ್ಷ: ಕಲಬುರಗಿಯಿಂದ ನನ್ನ ಅನುಭವ

ನಮ್ಮದು 1976ರ ಅಂಬಾಸಿಡರ್ ಮಾರ್ಕ್ 3. ಅಪ್ಪಾಜಿ ಕೊಂಡ ಗಾಡಿ. ನಾಲ್ಕು ವರ್ಷದ ಹಿಂದೆ ಅದರ ಡೈನಮೋ (ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಹಳೆಯ ಯಂತ್ರ), ಅದನ್ನು ನಿಯಂತ್ರಿಸುವ ಕಟೌಟ್ ಡಬ್ಬಿ ಎರಡನ್ನೂ ಬಿಚ್ಚಿಸಿ, ಅದೇ ಕೆಲಸ ಮಾಡುವ ಹೊಸ ಮಾದರಿಯ, ಒಳಗೇ ರೆಗ್ಯುಲೇಟರ್ (ವೋಲ್ಟೇಜ್ ಹತೋಟಿಯಲ್ಲಿಡುವ ಭಾಗ) ಇರುವ 35 ಆಂಪಿಯರ್ ಆಲ್ಟರ್ನೇಟರ್ ಕೂರಿಸಿದೆ. ಹಾಕಿಸಿದ್ದು ಒಳ್ಳೆಯದೇ ಆಯಿತು. ಮೊದಲು ಸೂಪರ್ ಮಾರ್ಕೆಟ್ ಹತ್ತಿರ ಟ್ರಾಫಿಕ್‌ನಲ್ಲಿ ನಿಂತರೆ ಹೆಡ್‌ಲೈಟ್ ಮಂಕಾಗುತ್ತಿತ್ತು, ಈಗ ಆಗುವುದಿಲ್ಲ.

ಆದರೆ ಕಳೆದ ಏಪ್ರಿಲ್‌ನಲ್ಲಿ ಎರಡು ಸಲ ಬೆಳಿಗ್ಗೆ ಸೆಲ್ಫ್ ಎತ್ತಲೇ ಇಲ್ಲ. "ಬ್ಯಾಟ್ರಿ ಹೋಗ್ಯಾದ್ರಿ ಸಾಹೇಬ್ರ, ನಮ್ಮ ಬಿಸಿಲಿಗಿ ಎರಡ್ ವರ್ಷ ಬಂದದ್ದೇ ಭಾಳ" ಅಂದರು ಅಂಗಡಿಯವರು. ನಂಬಿ ಹೊಸದು ಹಾಕಿಸಿದೆ. ಹತ್ತನೇ ದಿನಕ್ಕೆ ಅದೂ ಮಲಗಿತು.

ಗ್ಯಾರೇಜಿನ ಹುಡುಗ ಎಂಜಿನ್ ಚಾಲೂ ಇರುವಾಗಲೇ ಬ್ಯಾಟರಿ ಟರ್ಮಿನಲ್ ಬಿಚ್ಚಲು ಹೋದ. "ಗಾಡಿ ಬಂದ್ ಬಿದ್ರ ಚಾರ್ಜಿಂಗ್ ಇಲ್ಲಂತ ತಿಳ್ಕೋರಿ" ಅಂದ. ಕೈ ಹಿಡಿದು ನಿಲ್ಲಿಸಿದೆ. ಅದು ಡೈನಮೋ ಕಾಲದ ಪರೀಕ್ಷೆ. ಆಲ್ಟರ್ನೇಟರ್ ಇರುವ ಗಾಡಿಯಲ್ಲಿ ಹಾಗೆ ಮಾಡಿದರೆ ವೋಲ್ಟೇಜ್ ಒಮ್ಮೆಲೇ ಜಿಗಿದು ಅದರೊಳಗಿನ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ), ರೆಗ್ಯುಲೇಟರ್ ಸುಟ್ಟುಹೋಗಬಹುದು. ದಯವಿಟ್ಟು ಯಾರಿಗೂ ಬಿಡಬೇಡಿ.

ಮನೆಗೆ ಬಂದು ನಾನೇ ಮಲ್ಟಿಮೀಟರ್ ಹಿಡಿದೆ. ಎಂಜಿನ್ ಬಂದ್ ಇದ್ದಾಗ ಬ್ಯಾಟರಿ 12.4 ವೋಲ್ಟ್, ಚಾಲೂ ಮಾಡಿದರೆ 12.3. ಅಂದರೆ ಚಾರ್ಜ್ ಆಗುತ್ತಿಲ್ಲ. ಮಗಳು ಒಳಗೆ ಕೂತು ಜೋರಾಗಿ ರೇಸ್ ಮಾಡಿದಳು. ಅಂಕಿ ಸರ್ರನೆ 14.2ಕ್ಕೆ ಏರಿತು. ಕಾಲು ತೆಗೆದರೂ ಅಲ್ಲೇ ನಿಂತಿತು! ಅಂದರೆ ಆಲ್ಟರ್ನೇಟರ್ ಚೆನ್ನಾಗಿಯೇ ಇದೆ, ಅದನ್ನು ಎಬ್ಬಿಸುವ ಕರೆಂಟ್ ಮಾತ್ರ ತಲುಪುತ್ತಿಲ್ಲ. ಕೀ ತಿರುಗಿಸಿದಾಗ ಹತ್ತಬೇಕಾದ ಕೆಂಪು ದೀಪ ಹತ್ತುತ್ತಲೇ ಇರಲಿಲ್ಲ. ಆ ಪುಟ್ಟ ಬಲ್ಬಿನ ಮೂಲಕ ಹರಿಯುವ ಕರೆಂಟೇ ರೋಟರನ್ನು (ಆಲ್ಟರ್ನೇಟರ್ ಒಳಗೆ ತಿರುಗುವ ಭಾಗ) ಮೊದಲು ಅಯಸ್ಕಾಂತ ಮಾಡುವುದು. ಬಲ್ಬ್ ಸುಟ್ಟರೆ ಕಬ್ಬಿಣದಲ್ಲಿ ಉಳಿದ ಅಲ್ಪಸ್ವಲ್ಪ ಕಾಂತಶಕ್ತಿಯಿಂದಲೇ ಅದು ಏಳಬೇಕು, ಅದಕ್ಕೆ ಜೋರು ರೇಸ್ ಬೇಕು. ನಾನೋ ಊರೊಳಗೆ ಮೆಲ್ಲಗೆ ಓಡಿಸುವವನು. ಬಲ್ಬ್ ಬದಲಿಸಿದೆ, ಕೆಲಸ ಆಯಿತು. ಅಲ್ಲಿಗೆ ಎಲ್‌ಇಡಿ ಹಾಕಬೇಡಿ, ಅದರಿಂದ ಸಾಕಷ್ಟು ಕರೆಂಟ್ ಹರಿಯುವುದಿಲ್ಲ.

ಇನ್ನೊಂದು ತೊಂದರೆಯೂ ಅಡಗಿತ್ತು. ಹೆಡ್‌ಲೈಟ್ ಹಾಕಿದಾಗ ಆಲ್ಟರ್ನೇಟರ್ ಹಿಂದೆ ಕರೆಂಟ್ ಹೊರಬರುವ ನಟ್ ಮೇಲೆ 14.2, ಬ್ಯಾಟರಿ ಹತ್ತಿರ 13.1. ಮೀಟರಿನ ಒಂದು ಕಡ್ಡಿ ಅಲ್ಲಿ, ಇನ್ನೊಂದು ಬ್ಯಾಟರಿಯ ಪಾಸಿಟಿವ್ ಮೇಲೆ ಇಟ್ಟರೆ ನೇರವಾಗಿ 1.1 ತೋರಿಸಿತು. ಡೈನಮೋ ಕಾಲದ ವೈರನ್ನೇ ಬಿಟ್ಟಿದ್ದರು. ಲಗ್ (ವೈರ್ ತುದಿಯ ಲೋಹದ ಕೊಂಡಿ) ಎಳೆದೆ, ಹಸಿರುಗಟ್ಟಿದ ತಾಮ್ರ ಎಳೆ ಎಳೆಯಾಗಿ ಅಂಗೈ ಮೇಲೆ ಉದುರಿತು. ದಪ್ಪ ವೈರ್ ಎಳೆಸಿ, ಎಂಜಿನ್ ಅರ್ಥ್ ಪಟ್ಟಿಯನ್ನೂ ಉಜ್ಜಿ ಬಿಗಿದ ಮೇಲೆ ಆ ವ್ಯತ್ಯಾಸ 0.2ಕ್ಕೆ ಇಳಿದಿದೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಡಿಮೆ ಮಾಡಿದ್ದು ವೈರ್ ಬದಲಿಸಬೇಕೆಂದು ಮಾರಿದವರು ಹೇಳದೇ ಇದ್ದುದಕ್ಕೆ. ಬ್ರಾಕೆಟ್ ಕೂಡ ಲೇತ್‌ನಲ್ಲಿ ಮಾಡಿಸಿದ್ದು, ಆಗಾಗ ಬೆಲ್ಟ್ ಬಿಗಿಯಬೇಕು. ಹೋದ ತಿಂಗಳು ರಾತ್ರಿ ಕಮಲಾಪುರ, ಹುಮನಾಬಾದ್ ದಾಟಿ ಬೀದರ್‌ಗೆ ಹೋದೆವು. ದಾರಿಯುದ್ದಕ್ಕೂ ಹೆಡ್‌ಲೈಟ್, ವೈಪರ್ ಎರಡೂ ಚಾಲೂ. ಮುಟ್ಟಿದ ಕೂಡಲೇ ಬಾನೆಟ್ ಎತ್ತಿ ನೋಡಿದೆ: 13.9.