ಇ-ಕೋರ್ಟ್ಸ್ ಸರ್ವಿಸಸ್ ಆ್ಯಪ್: ಕಕ್ಷಿದಾರನ ಕೈಗೆ ಬಂದ ವಾಯಿದೆ ಪುಸ್ತಕ

ತಾಲ್ಲೂಕು ನ್ಯಾಯಾಲಯವೊಂದರಲ್ಲಿ ನಮ್ಮ ಕುಟುಂಬದ ಪಾಲುವಿಭಾಗದ ದಾವೆ ನಡೆಯುತ್ತಿರುವುದರಿಂದ, ಜಿಲ್ಲಾ ಮತ್ತು ತಾಲ್ಲೂಕು ನ್ಯಾಯಾಲಯಗಳ ಮಾಹಿತಿ ನೀಡುವ ಇ-ಕೋರ್ಟ್ಸ್ ಸರ್ವಿಸಸ್ ಆ್ಯಪನ್ನು ಬಹುಕಾಲದಿಂದ ಬಳಸುತ್ತಿದ್ದೇನೆ. 2017ರಲ್ಲಿ ಬಂದ ಈ ಉಚಿತ ಆ್ಯಪ್‌ನಲ್ಲಿ ಪ್ರತಿ ಪ್ರಕರಣಕ್ಕೂ ಪ್ರತ್ಯೇಕವಾಗಿ ಕೊಡುವ 16 ಅಕ್ಷರ-ಅಂಕಿಗಳ ಗುರುತಾದ ಸಿಎನ್‌ಆರ್ ಸಂಖ್ಯೆಯನ್ನು ಒಮ್ಮೆ ನಮೂದಿಸಿ ಪ್ರಕರಣವನ್ನು ಉಳಿಸಿಕೊಂಡರೆ ಸಾಕು, ಮುಂದಿನ ವಾಯಿದೆ ಯಾವತ್ತು ಎಂದು ಕೇಳಲು ವಕೀಲರ ಕಚೇರಿಗೆ ಅಲೆಯಬೇಕಾಗಿಲ್ಲ. ಸಂಖ್ಯೆ ಗೊತ್ತಿಲ್ಲದವರು ಕಕ್ಷಿದಾರರ ಹೆಸರಿನಿಂದಲೂ ಹುಡುಕಬಹುದು.

ನನ್ನ ಮಟ್ಟಿಗೆ ಇದರ ನಿಜವಾದ ಬೆಲೆ ಇರುವುದು ಪ್ರಕರಣದ ಇತಿಹಾಸ ತೋರಿಸುವ ಪುಟದಲ್ಲಿ. ಪ್ರತಿಯೊಂದು ವಾಯಿದೆಯ ಎದುರು ಅಂದು ಪ್ರಕರಣ ಯಾವ ಉದ್ದೇಶಕ್ಕಾಗಿ ಇತ್ತೆಂಬುದು ಸಾಲಾಗಿ ಕಾಣುತ್ತದೆ. ದಿನಾಂಕವನ್ನು ಒತ್ತಿದರೆ ಅಂದಿನ ನಡಾವಳಿಯೂ ತೆರೆದುಕೊಳ್ಳುತ್ತದೆ. ನಮ್ಮ ದಾವೆಯಲ್ಲಿ ಸಮನ್ಸ್ ಎಂಬ ಒಂದೇ ಪದ ಒಂದರ ಕೆಳಗೊಂದು ಇಳಿದುಹೋಗಿದ್ದನ್ನು ಕಂಡಾಗಲೇ, ದಾವೆ ವಾದದಲ್ಲಿ ಸಿಕ್ಕಿಕೊಂಡಿಲ್ಲ, ಊರು ಬಿಟ್ಟ ಪ್ರತಿವಾದಿಯೊಬ್ಬರ ವಿಳಾಸದಲ್ಲಿ ಸಿಕ್ಕಿಕೊಂಡಿದೆ ಎಂಬುದು ಮನೆಯವರಿಗೆ ಅರ್ಥವಾಯಿತು. ಸರಿಯಾದ ವಿಳಾಸ ಹುಡುಕಿ ಕೊಟ್ಟ ಮೇಲೆ ದಾವೆ ಲಿಖಿತ ಹೇಳಿಕೆಯ, ಅಂದರೆ ಪ್ರತಿವಾದಿಗಳು ಬರಹದಲ್ಲಿ ಉತ್ತರ ಸಲ್ಲಿಸುವ ಹಂತಕ್ಕೆ ಬಂತು. ಪಾಲಿನ ದಾವೆಗಳಲ್ಲಿ ಇದು ಸಾಮಾನ್ಯ ತೊಡಕು: ಪ್ರತಿವಾದಿಗಳು ಹೆಚ್ಚು, ಅವರಲ್ಲೊಬ್ಬರು ತೀರಿಕೊಂಡರೆ ವಾರಸುದಾರರನ್ನು 90 ದಿನಗಳೊಳಗೆ ದಾಖಲೆಗೆ ತರಬೇಕು, ಬಳಿಕ ಅವರಿಗೂ ಸಮನ್ಸ್ ಮುಟ್ಟಬೇಕು.

ವಿಚಾರಣೆಯ ಹಂತದಲ್ಲಿ ಒಬ್ಬ ಕಕ್ಷಿದಾರನಿಗೆ ಮೂರಕ್ಕಿಂತ ಹೆಚ್ಚು ಮುಂದೂಡಿಕೆ ಕೊಡಬಾರದು ಎಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 17ನೇ ಆದೇಶ ಹೇಳುತ್ತದೆ. ಕಕ್ಷಿದಾರನ ಕೈಮೀರಿದ ಸಂದರ್ಭಗಳಲ್ಲಿ ಈ ಮಿತಿ ಅಡ್ಡಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2005ರಲ್ಲಿ ಸ್ಪಷ್ಟಪಡಿಸಿತು. ಹಾಗಿದ್ದರೂ ಸಮಯ ಕೇಳಿದವರು ಯಾರು, ಕಾರಣವೇನು ಎಂಬುದನ್ನು ಆ್ಯಪ್ ಎದ್ದುಕಾಣುವಂತೆ ತೋರಿಸಿದರೆ ಮಿತಿ ಮೀರಿದ್ದು ಎಲ್ಲರ ಕಣ್ಣಿಗೂ ಬೀಳುತ್ತದೆ. ಈಗ ಎಣಿಸಬೇಕೆಂದರೆ ಒಂದೊಂದೇ ದಿನಾಂಕ ತೆರೆದು ಓದಬೇಕು, ಓದಿದರೂ ಎಷ್ಟೋ ಕಡೆ ಸಿಗುವುದು ಎರಡು ಮೂರು ಪದಗಳ ಟಿಪ್ಪಣಿ ಮಾತ್ರ. ಅದೂ ನಾನು ನೋಡಿದ ಮಟ್ಟಿಗೆ ಹೆಚ್ಚಾಗಿ ಇಂಗ್ಲಿಷಿನಲ್ಲಿರುವುದು ನನಗೆ ತೀರಾ ಬೇಸರದ ಸಂಗತಿ. ಜಮೀನಿನ ದಾವೆ ಹೂಡಿರುವ ರೈತನಿಗೆ ತನ್ನದೇ ದಾವೆಯ ನಡಾವಳಿ ಕನ್ನಡದಲ್ಲಿ ಓದಲು ಸಿಗಲೇಬೇಕು.

ಇನ್ನೊಂದು ಕೊರತೆಯೂ ಇದೆ. ಅಂದಿನ ಪ್ರಕರಣಗಳ ಪಟ್ಟಿ ಮೊದಲೇ ಸಿಗುತ್ತದೆಯಾದರೂ ನಮ್ಮ ಪ್ರಕರಣವನ್ನು ಎಷ್ಟು ಹೊತ್ತಿಗೆ ಕೂಗುತ್ತಾರೆಂಬ ಅಂದಾಜು ಸಿಗುವುದಿಲ್ಲವಾದ್ದರಿಂದ, ಸಾಕ್ಷಿ ಹೇಳಲು ಬಂದವರು ಬೆಳಿಗ್ಗೆ 11ರಿಂದ ಸಂಜೆಯವರೆಗೆ ಪಡಸಾಲೆಯಲ್ಲಿ ಕಾಯುವುದು ತಪ್ಪಿಲ್ಲ.

ಈ ಆ್ಯಪ್‌ನ ಹಿಂದಿರುವ, ನ್ಯಾಯಾಲಯಗಳನ್ನು ಗಣಕೀಕರಿಸುವ ಇ-ಕೋರ್ಟ್ಸ್ ಯೋಜನೆಯ ಮೂರನೇ ಹಂತಕ್ಕೆ ಕೇಂದ್ರ ಸಂಪುಟ 2023ರಲ್ಲಿ 7,210 ಕೋಟಿ ರೂಪಾಯಿಗಳಿಗೆ ಒಪ್ಪಿಗೆ ನೀಡಿರುವುದರಿಂದ ಈ ಸುಧಾರಣೆಗಳನ್ನು ಕೇಳುವುದು ದುರಾಸೆಯಲ್ಲ. ಸದ್ಯಕ್ಕೆ, ದಾವೆ ಇರುವ ಪ್ರತಿಯೊಬ್ಬರೂ ಈ ಆ್ಯಪನ್ನು ಹಾಕಿಕೊಳ್ಳಬೇಕೆಂದೇ ಹೇಳುತ್ತೇನೆ. ವಾಯಿದೆಯ ಹಿಂದಿನ ದಿನ ಇತಿಹಾಸದ ಪುಟ ತೆರೆದು, ಪ್ರಕರಣ ಯಾವ ಹಂತದಲ್ಲಿದೆ, ನಮ್ಮ ಕಡೆಯಿಂದ ಬಾಕಿ ಏನಿದೆ ಎಂದು ವಕೀಲರನ್ನು ಕೇಳಿರಿ. ಸಮನ್ಸಿನ ಶುಲ್ಕ ಕಟ್ಟದೇ ಉಳಿದಿದ್ದರೆ ಅದು ಗೊತ್ತಾಗುವುದು ಆಗಲೇ.